ಟೈರಿನ ಮೈಮೇಲಿನ ಅಕ್ಷರ: ಹಳೇ ಕ್ಯಾಂಪರ್ ವ್ಯಾನಿಗೆ ಚಕ್ರ, ಟೈರು ಆರಿಸುವ ಒಂದು ಪಾಠ

2023ರ ಡಿಸೆಂಬರ್ 18. ಕತಾರ್ ರಾಷ್ಟ್ರೀಯ ದಿನದ ರಜೆ. ದೋಹಾ ಅಲ್ ಜದೀದಾದಲ್ಲಿರುವ ಚಿಕ್ಕಪ್ಪನ ಮನೆಯಿಂದ ನಾವು ಐದು ಜನ ಝಕ್ರೀತ್‌ಗೆ ಹೋಗಿದ್ದೆವು. ದೋಹಾದಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್. ಕಲಾವಿದ ರಿಚರ್ಡ್ ಸೆರಾ 2014ರಲ್ಲಿ ಮರಳುಗಾಡಿನ ನಡುವೆ ನಿಲ್ಲಿಸಿದ ನಾಲ್ಕು ಎತ್ತರದ ಉಕ್ಕಿನ ಫಲಕಗಳು ಇರುವುದು ಅಲ್ಲೇ. ಗಾಡಿ ಚಿಕ್ಕಪ್ಪನ 2009ರ ಟೊಯೋಟಾ ಹಯೇಸ್. ಹಿಂದಿನ ಸೀಟು ತೆಗೆದು ಹಲಗೆಯ ಮಂಚ, ನೀರಿನ ಟ್ಯಾಂಕು, ಗ್ಯಾಸ್ ಒಲೆ ಕೂರಿಸಿ ಅವರೇ ಮಾಡಿಕೊಂಡ ಕ್ಯಾಂಪರ್ ವ್ಯಾನು.

ಡಾಂಬರು ಬಿಟ್ಟು ಕಲ್ಲುದಾರಿಗೆ ಇಳಿಯುವಾಗ ಟೈರಿನ ಗಾಳಿ ಇಳಿಸಿದ್ದೆವು, 50 ಪಿಎಸ್‌ಐನಿಂದ 30ಕ್ಕೆ. ವಾಪಸ್ ಬರುವಾಗ ಕತ್ತಲಾಗಿತ್ತು, ಮಕ್ಕಳು ನಿದ್ದೆಗೆ ಬಿದ್ದಿದ್ದರು. "ಗಾಳಿ ಹಾಕ್ಕೊಂಡು ಹೋಗೋಣ ಕಣೋ" ಅಂದ್ರು ಚಿಕ್ಕಪ್ಪ. ಕಂಪ್ರೆಸರ್ ಮಂಚದ ಅಡಿಯಲ್ಲಿತ್ತು, ಸಾಮಾನೆಲ್ಲ ಎತ್ತಬೇಕಿತ್ತು. ನಾನು ಹೇಳಿದೆ: "ಪರವಾಗಿಲ್ಲ ಚಿಕ್ಕಪ್ಪ, ಚಳಿ ಇದೆಯಲ್ಲ, ದೋಹಾಗೆ ಹೋಗಿ ಹಾಕಿಸಿದ್ರಾಯ್ತು." ಮೆಕ್ಯಾನಿಕಲ್ ಇಂಜಿನಿಯರಿಂಗ್ ಪಾಸಾದವನು ಹೇಳಿದ ಮಾತು ಅಂತ ಅವರು ನಂಬಿದರು.

ಮುಕ್ಕಾಲು ಗಂಟೆ ಕೂಡ ಆಗಿರಲಿಲ್ಲ. ಶಹಾನಿಯಾ ಹತ್ತಿರ ಎಡಗಡೆಯ ಹಿಂದಿನ ಟೈರು ಸಿಡಿಯಿತು. ಗಾಡಿ ಬಾಲ ಆಡಿಸಿದ ಹಾಗೆ ಎರಡು ಸಲ ಓಲಾಡಿತು. ಚಿಕ್ಕಪ್ಪ ಬ್ರೇಕ್ ಒತ್ತಲಿಲ್ಲ. ಸ್ಟೀರಿಂಗ್ ಗಟ್ಟಿಯಾಗಿ ನೇರಕ್ಕೆ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ನಿಧಾನಕ್ಕೆ ತೆಗೆದು, ವೇಗ ತಾನಾಗಿ ಇಳಿದ ಮೇಲೆ ಬದಿಗೆ ತಂದರು. ಭದ್ರಾವತಿಯಲ್ಲಿ ಲಾರಿ ಓಡಿಸಿದ ಅನುಭವ ಅವತ್ತು ನಮ್ಮನ್ನು ಉಳಿಸಿತು. ಯಾರಿಗೂ ಏನೂ ಆಗಲಿಲ್ಲ. ಏಳು ವರ್ಷದ ತಂಗಿ ಮಾತ್ರ ಆಮೇಲೆ ಎರಡು ತಿಂಗಳು ವ್ಯಾನು ಹತ್ತಲಿಲ್ಲ.

ಟೈರಿನ ಬಗ್ಗೆ ನಾನು ಸರಿಯಾಗಿ ಓದಿದ್ದು ಆ ರಾತ್ರಿಯ ನಂತರ. ಓದಿದ್ದನ್ನು, ಅಂಗಡಿಗಳಲ್ಲಿ ಅಲೆದು ಕಲಿತದ್ದನ್ನು ಇಲ್ಲಿ ಪಾಠದ ರೂಪದಲ್ಲಿ ಬರೆಯುತ್ತಿದ್ದೇನೆ. ಕ್ಯಾಂಪರ್ ಇಲ್ಲದವರಿಗೂ ಇದು ಉಪಯೋಗಕ್ಕೆ ಬರುತ್ತೆ.

1. ಸಿಡಿದದ್ದು ಯಾಕೆ?

ಟೈರು ಸಿಡಿಯೋದು ಗಾಳಿ ಹೆಚ್ಚಾಗಿ ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಕಾರಣ ಅದರ ಉಲ್ಟಾ. ಟೈರು ಉರುಳುವಾಗ ನೆಲಕ್ಕೆ ತಾಗುವ ಭಾಗ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತೆ. ಪ್ರತಿ ಸುತ್ತಿಗೂ ಪಕ್ಕದ ಗೋಡೆ ಒಮ್ಮೆ ಮಡಚಿ ಬಿಚ್ಚಿಕೊಳ್ಳುತ್ತೆ. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ಬಿಸಿಯಾಗೋದಿಲ್ವಾ, ಹಾಗೆ ರಬ್ಬರ್ ಕೂಡ ಬಿಸಿಯಾಗುತ್ತೆ. ಗಾಳಿ ಕಡಿಮೆ ಇದ್ದಷ್ಟೂ ಮಡಚುವುದು ಹೆಚ್ಚು, ಬಿಸಿ ಹೆಚ್ಚು. ಇದರ ಜೊತೆ ಭಾರ ಮತ್ತು ವೇಗ ಸೇರಿದರೆ, ಒಳಗಿನ ಉಕ್ಕಿನ ಪಟ್ಟಿಗಳಿಂದ ರಬ್ಬರ್ ಬಿಟ್ಟುಕೊಳ್ಳಲು ಶುರುವಾಗುತ್ತೆ.

ಇನ್ನೊಂದು ಕಾರಣ ವಯಸ್ಸು. ಸಿಡಿದ ಟೈರಿನ ಬಟನ್ ಚೆನ್ನಾಗೇ ಇತ್ತು, ಹೊಸದರ ಹಾಗೆ ಹೊಳೀತಿತ್ತು. ಆದರೆ ಡಿಒಟಿ ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ಓದಿದಾಗ 2815 ಅಂತಿತ್ತು. ಅಂದ್ರೆ 2015ನೇ ಇಸವಿಯ 28ನೇ ವಾರದಲ್ಲಿ, ಜುಲೈನಲ್ಲಿ, ತಯಾರಾದದ್ದು. ಎಂಟು ವರ್ಷ ದಾಟಿತ್ತು. ಮಧ್ಯಾಹ್ನದ ಬಿಸಿ 45 ಡಿಗ್ರಿ ದಾಟುವ ಈ ಊರಿನಲ್ಲಿ ಎಂಟು ಬೇಸಿಗೆ ಅಂದ್ರೆ ಸಣ್ಣ ಮಾತಲ್ಲ. ಓಡದೆ ನಿಂತಿದ್ದರೂ ಶಾಖ, ಬಿಸಿಲು, ಆಮ್ಲಜನಕ ಸೇರಿ ರಬ್ಬರನ್ನು ಒಣಗಿಸಿ ಗಡುಸು ಮಾಡುತ್ತವೆ. ಚಳಿಗಾಲದಲ್ಲಿ ಸಿಡಿದದ್ದಕ್ಕೆ ಬೇಸಿಗೆಗಳೇ ಅರ್ಧ ಕಾರಣ.

ಇದಕ್ಕೊಂದು ಚರಿತ್ರೆಯ ಉದಾಹರಣೆ ಇದೆ. 2000ನೇ ಇಸವಿ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಯಿತು. ಅವು ಹೆಚ್ಚಾಗಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು, ಬಟನ್ ಪದರವೇ ಕಿತ್ತು ಬರುತ್ತಿತ್ತು. ಅದಕ್ಕೆ ಒಂದು ವರ್ಷ ಮೊದಲೇ, 1999ರಲ್ಲಿ, ಸೌದಿ ಅರೇಬಿಯಾ ಸೇರಿ ಗಲ್ಫ್ ದೇಶಗಳಲ್ಲಿ ಫೋರ್ಡ್ ಆ ಟೈರುಗಳನ್ನು ಬದಲಿಸಲು ಶುರು ಮಾಡಿತ್ತು. ತಪ್ಪು ಯಾರದು ಅಂತ ಎರಡೂ ಕಂಪನಿಗಳು ಜಗಳವಾಡಿದವು. ನಮಗೆ ಬೇಕಾದ ಪಾಠ ಇಷ್ಟು: ಟೈರಿನ ದೌರ್ಬಲ್ಯ ಮೊದಲು ಬಯಲಾಗೋದು ಬಿಸಿ ನೆಲದಲ್ಲಿ.

2. ಮೊದಲು ಗಾಡಿ ತೂಗಿ

ಟೈರಿನ ಅಂಗಡಿಗೆ ಹೋಗುವ ಮುಂಚೆ ನಾವು ಇಂಡಸ್ಟ್ರಿಯಲ್ ಏರಿಯಾದ ಒಂದು ತೂಕದ ಸೇತುವೆಗೆ ಹೋದೆವು. ನೀರು, ಗ್ಯಾಸು, ಪಾತ್ರೆ, ಹಾಸಿಗೆ, ಐದೂ ಜನ, ಎಲ್ಲ ಟ್ರಿಪ್ಪಿಗೆ ಹೊರಟ ಹಾಗೇ. ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿದಾಗ 1180 ಕೆಜಿ, ಹಿಂದಿನವು 1490 ಕೆಜಿ. ಚಿಕ್ಕಪ್ಪ ಬೆರಗಾದರು. ಕ್ಯಾಂಪರ್ ವ್ಯಾನಿಗೂ ಸಾಮಾನ್ಯ ವ್ಯಾನಿಗೂ ವ್ಯತ್ಯಾಸ ಇದೇ. ಡೆಲಿವರಿ ವ್ಯಾನು ಸಾಮಾನು ಇಳಿಸಿ ಹಗುರಾಗುತ್ತೆ, ಕ್ಯಾಂಪರ್ ಯಾವಾಗಲೂ ಹೊತ್ತುಕೊಂಡೇ ಇರುತ್ತೆ. ಒಟ್ಟು ತೂಕ ಮಾತ್ರ ನೋಡಿದರೆ ಸಾಲದು, ಹಿಂದಿನ ಆಕ್ಸಲ್ ಮೇಲೆ ಎಷ್ಟು ಬಿದ್ದಿದೆ ಅಂತ ಬೇರೆಯಾಗಿ ನೋಡಬೇಕು. ಅದು ಕಂಪನಿ ಹೇಳಿದ ಮಿತಿ ದಾಟಿದ್ದರೆ ಯಾವ ಟೈರೂ ಪರಿಹಾರ ಅಲ್ಲ, ಸಾಮಾನು ಇಳಿಸಲೇಬೇಕು.

3. ಮೈಮೇಲಿನ ಬರಹ ಓದುವುದು

ನಮ್ಮ ಗಾಡಿಗೆ ಬರುವ ಟೈರಿನ ಮೇಲೆ ಹೀಗಿದೆ: 195 ಆರ್ 15 ಸಿ, 106/104 ಎಸ್.

195 ಅಂದ್ರೆ ಅಗಲ, ಮಿಲಿಮೀಟರ್‌ನಲ್ಲಿ. ಆರ್ ಅಂದ್ರೆ ರೇಡಿಯಲ್. 15 ಅಂದ್ರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಸಿ ಅಂದ್ರೆ ಕಮರ್ಷಿಯಲ್, ಭಾರ ಹೊರುವ ವ್ಯಾನಿಗಾಗಿ ಮಾಡಿದ್ದು. 106 ಅನ್ನೋದು ಭಾರದ ಸೂಚ್ಯಂಕ, ಒಂದು ಟೈರು 950 ಕೆಜಿ ಹೊರಬಲ್ಲದು. ಓರೆಗೆರೆಯ ನಂತರದ 104 ಅಂದ್ರೆ 900 ಕೆಜಿ, ಲಾರಿಯ ಹಾಗೆ ಒಂದೇ ಕಡೆ ಜೋಡಿ ಟೈರು ಹಾಕಿದಾಗಿನ ಲೆಕ್ಕ. ಎಸ್ ಅಂದ್ರೆ ಗಂಟೆಗೆ 180 ಕಿಲೋಮೀಟರ್ ವೇಗದ ಮಿತಿ.

ಈಗ ಅಂಗಡಿಯ ಕಥೆ. ಒಂದು ಕಡೆ 205/65 ಆರ್ 15, 94 ಅಂತ ಬರೆದ ಕಾರಿನ ಟೈರು ತೋರಿಸಿದರು. "ರಿಮ್ಮು 15, ಇದೂ 15. ಅಗಲ ಜಾಸ್ತಿ, ಗಟ್ಟಿ ಇರುತ್ತೆ, ರೇಟೂ ಕಡಿಮೆ" ಅಂದರು. ಅಲ್ಲೇ ನಿಂತು ಲೆಕ್ಕ ಹಾಕಿದೆ. 94 ಅಂದ್ರೆ 670 ಕೆಜಿ. ಎರಡು ಟೈರಿಗೆ 1340. ನಮ್ಮ ಹಿಂದಿನ ಭಾರ 1490. ಗಾಡಿ ನಿಂತಲ್ಲೇ ಮಿತಿ ದಾಟಿದ ಹಾಗೆ! ಸರಿಯಾದ ಟೈರಾದರೆ 950ರಂತೆ ಎರಡಕ್ಕೆ 1900, ಅಂದ್ರೆ 410 ಕೆಜಿ ಮಿಗುತ್ತೆ. ಈ ಮಿಗತೆ ಬೇಕೇ ಬೇಕು. ನೀರಿನ ಟ್ಯಾಂಕು ಒಂದೇ ಬದಿಗಿರೋದರಿಂದ ಭಾರ ಎರಡೂ ಕಡೆ ಸಮ ಬೀಳೋದಿಲ್ಲ, ಗುಂಡಿಗೆ ಇಳಿದಾಗ ಕ್ಷಣಕಾಲ ಇನ್ನೂ ಹೆಚ್ಚಾಗುತ್ತೆ.

ಸುತ್ತಳತೆಯೂ ಬೇರೆ. ನಮ್ಮ ಟೈರಿನ ವ್ಯಾಸ ಸುಮಾರು 693 ಮಿಲಿಮೀಟರ್, ಆ ಕಾರಿನ ಟೈರಿನದು ಸುಮಾರು 648. ಶೇಕಡಾ ಆರೂವರೆ ಕಡಿಮೆ. ಸ್ಪೀಡೋಮೀಟರ್ ಸುಳ್ಳು ಹೇಳುತ್ತೆ, ಗಾಡಿ ನೆಲಕ್ಕೆ ಹತ್ತಿರವಾಗುತ್ತೆ. ಅಗಲ ಇದ್ದದ್ದೆಲ್ಲ ಗಟ್ಟಿ ಅಲ್ಲ. ಹಾಕುವ ಟೈರಿನ ಭಾರದ ಸೂಚ್ಯಂಕ ಕಂಪನಿ ಕೊಟ್ಟದ್ದಕ್ಕಿಂತ ಯಾವತ್ತೂ ಕಡಿಮೆ ಇರಬಾರದು.

ಕೆಲವು ಟೈರುಗಳ ಮೇಲೆ ಸಿಪಿ ಅಂತ ಇರುತ್ತೆ. ಅವು ಯಾವಾಗಲೂ ಭಾರ ಹೊತ್ತಿರುವ ಕ್ಯಾಂಪರ್‌ಗಳಿಗೆ ಅಂತಲೇ ಮಾಡಿದವು. ನಮ್ಮ ಅಳತೆಯಲ್ಲಿ ನಾವು ಕೇಳಿದ ಅಂಗಡಿಗಳಲ್ಲಿ ಸಿಗಲಿಲ್ಲ, ಸಿ ಟೈರನ್ನೇ ತಗೊಂಡ್ವಿ.

4. ಚಕ್ರ: ಆರು ತೂತು ಇದ್ದರೆ ಸಾಲದು

ಸಿಡಿದ ಟೈರಿನ ಮೇಲೆ ನೂರಿನ್ನೂರು ಮೀಟರ್ ಉರುಳಿದ್ದರಿಂದ ರಿಮ್ಮಿನ ಅಂಚೂ ಬಗ್ಗಿತ್ತು. ಬದಲಿಗೆ ಸೆಕೆಂಡ್ ಹ್ಯಾಂಡ್ ಅಲಾಯ್ ಚಕ್ರದ ಸೆಟ್ಟು ತೋರಿಸಿದರು. "ಆರು ತೂತು, ಕೂರುತ್ತೆ." ಕೂರುತ್ತೆ ನಿಜ. ಆದರೆ ನೋಡಬೇಕಾದ್ದು ಐದು ವಿಷಯ.

ಒಂದು, ಬೋಲ್ಟುಗಳ ವೃತ್ತ. ನಮ್ಮದು ಆರು ಬೋಲ್ಟು, 139.7 ಮಿಲಿಮೀಟರ್ ವೃತ್ತ. ಟೊಯೋಟಾ, ನಿಸ್ಸಾನ್, ಮಿತ್ಸುಬಿಷಿಯ ಬಹಳ ಗಾಡಿಗಳಿಗೂ ಇದೇ ಇರೋದರಿಂದಲೇ ಗೊಂದಲ.

ಎರಡು, ನಡುವಿನ ತೂತು. ನಮ್ಮ ಹಬ್ಬಿಗೆ ಬೇಕಾದ್ದು 106 ಮಿಲಿಮೀಟರ್. ಪಜೆರೋ ಚಕ್ರದ್ದು ಸುಮಾರು 67, ಒಳಗೇ ಹೋಗಲ್ಲ. ಹಳೇ ಪೆಟ್ರೋಲ್ ಚಕ್ರದ್ದು 110, ಹೋಗುತ್ತೆ, ಆದರೆ ಸುತ್ತ ಸಂದು ಉಳಿಯುತ್ತೆ. ಆಗ ಚಕ್ರ ನಡುವಿಗೆ ಕೂರಿಸುವ ಕೆಲಸವೆಲ್ಲ ನಟ್ಟುಗಳ ಮೇಲೆ ಬೀಳುತ್ತೆ, ನಡುಕ ಬರುತ್ತೆ.

ಮೂರು, ಆಫ್‌ಸೆಟ್. ರಿಮ್ಮಿನ ನಡುರೇಖೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ದೂರದಲ್ಲಿದೆ ಅನ್ನೋ ಅಳತೆ. ನಮ್ಮದು +35, ತೋರಿಸಿದ್ದು 0. ಅಂದ್ರೆ ಚಕ್ರ 35 ಮಿಲಿಮೀಟರ್ ಹೊರಗೆ ಚಾಚುತ್ತೆ. ನೋಡೋಕೆ ಗತ್ತು ಬರುತ್ತೆ, ಆದರೆ ಸನ್ನೆಗೋಲು ಉದ್ದವಾದಂತೆ ಬೇರಿಂಗ್ ಮೇಲೆ ಒತ್ತಡ ಹೆಚ್ಚುತ್ತೆ. ಸ್ಪೇಸರ್ ಹಾಕಿದರೂ ಆಗೋದು ಇದೇ.

ನಾಲ್ಕು, ಚಕ್ರದ ಸ್ವಂತ ಭಾರದ ಮಿತಿ. ಟೈರಿಗಿರುವ ಹಾಗೇ ಚಕ್ರಕ್ಕೂ ಇದೆ, ಹಿಂಬದಿಯಲ್ಲಿ ಎರಕ ಹೊಯ್ದಿರುತ್ತಾರೆ. ಜಪಾನಿನ ಅಲಾಯ್ ಚಕ್ರಗಳಲ್ಲಿ ಜೆಡಬ್ಲ್ಯುಎಲ್ ಅಂದ್ರೆ ಕಾರಿಗೆ, ಜೆಡಬ್ಲ್ಯುಎಲ್-ಟಿ ಅಂದ್ರೆ ಲಾರಿ, ಬಸ್ಸಿನಂಥ ಭಾರದ ಗಾಡಿಗೆ. ಏನೂ ಬರೆದಿಲ್ಲದ ಚಕ್ರ ಬೇಡವೇ ಬೇಡ.

ಐದು, ನಟ್ಟಿನ ಆಕಾರ. ಕೆಲವು ಚಕ್ರಕ್ಕೆ ಶಂಕುವಿನಾಕಾರದ ನಟ್ಟು, ಕೆಲವಕ್ಕೆ ಚಪ್ಪಟೆ ವಾಷರ್ ಇರುವ ನಟ್ಟು. ಅದಲು ಬದಲಾದರೆ ಬಿಗಿಯಾದ ಹಾಗೆ ಕಂಡು ಆಮೇಲೆ ಸಡಿಲವಾಗುತ್ತೆ.

ಕೊನೆಗೆ ಕಂಪನಿಯ ಅಳತೆಯದೇ ಹೊಸ ಕಬ್ಬಿಣದ ಚಕ್ರ ತಗೊಂಡ್ವಿ. ಅಲಾಯ್ ಪೆಟ್ಟು ತಿಂದರೆ ಬಿರುಕು ಬಿಡಬಹುದು, ಕಬ್ಬಿಣದ್ದು ಹೆಚ್ಚಾಗಿ ಬಗ್ಗುತ್ತೆ. ಕಲ್ಲುದಾರಿಗೆ ಅದೇ ವಾಸಿ. ಹಾಕಿದ ಮೇಲೆ ಟಾರ್ಕ್ ಸ್ಪ್ಯಾನರ್‌ನಲ್ಲಿ ಎದುರುಬದುರು ನಟ್ಟು ಬಿಗಿದು, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ.

5. ಗಾಳಿಯ ಲೆಕ್ಕ

950 ಕೆಜಿ ಹೊರುತ್ತೆ ಅನ್ನೋ ಮಾತಿಗೆ ಒಂದು ಷರತ್ತಿದೆ: ಟೈರಿನ ಮೇಲೆ ಬರೆದಷ್ಟು, ನಮ್ಮದರಲ್ಲಿ 65 ಪಿಎಸ್‌ಐ, ಗಾಳಿ ಇದ್ದಾಗ ಮಾತ್ರ. ಆ ರಾತ್ರಿ ನಮ್ಮ ಹಿಂದಿನ ಟೈರಿನ ಮೇಲೆ ಸರಾಸರಿ 745 ಕೆಜಿ, ಅಂದ್ರೆ ಪೂರ್ಣ ಸಾಮರ್ಥ್ಯದ ಶೇಕಡಾ 78 ಭಾರ ಇತ್ತು. ಗಾಳಿ ಇದ್ದದ್ದು 30, ಅಂದ್ರೆ ಶೇಕಡಾ 46. ಇಷ್ಟು ಲೆಕ್ಕ ಹಾಕೋಕೆ ಇಂಜಿನಿಯರಿಂಗ್ ಪದವಿಯೂ ಬೇಡ. ಆದರೂ ನಾನು ಹಾಕಿರಲಿಲ್ಲ.

ದಿನನಿತ್ಯಕ್ಕೆ ಬಾಗಿಲ ಅಂಚಿನ ಸ್ಟಿಕರ್‌ನಲ್ಲಿರುವ ಅಂಕಿ ನೋಡಿ, ಬೆಳಿಗ್ಗೆ ಟೈರು ತಣ್ಣಗಿದ್ದಾಗ ಹಾಕಿ. 25 ಡಿಗ್ರಿಯಲ್ಲಿ 50 ಇದ್ದದ್ದು ಟೈರಿನೊಳಗೆ 65 ಡಿಗ್ರಿ ಆದಾಗ ಸುಮಾರು 59 ಆಗುತ್ತೆ. ಇದು ಸಹಜ, ತಯಾರಕರು ಇದನ್ನು ಲೆಕ್ಕಕ್ಕೆ ತಗೊಂಡೇ ಮಾಡಿರುತ್ತಾರೆ. "ಬಿಸಿ ಆಗಿದೆ, ಸ್ವಲ್ಪ ಬಿಡೋಣ" ಅಂತ ಬಿಸಿಯಲ್ಲೇ 50ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ 42 ಉಳಿಯುತ್ತೆ. ಮರಳಿಗೆ, ಕಲ್ಲುದಾರಿಗೆ ಇಳಿಸಿದ್ದನ್ನು ಡಾಂಬರಿಗೆ ಹತ್ತುವ ಮುಂಚೆಯೇ ತುಂಬಿಸಿ. ಕಂಪ್ರೆಸರ್ ಕೈಗೆ ಸಿಗುವ ಜಾಗದಲ್ಲಿರಲಿ. ನಮ್ಮದು ಈಗ ಡ್ರೈವರ್ ಸೀಟಿನ ಹಿಂದೆ ಇದೆ.

6. ಕೊಳ್ಳುವಾಗ, ಕೊಂಡ ಮೇಲೆ

ಪಾಲಿಶ್ ಹೊಳಪಿಗೆ ಮರುಳಾಗಬೇಡಿ, ನಾಲ್ಕು ಅಂಕಿ ನೋಡಿ. ಹಾಕುವ ಮುಂಚೆ ಪ್ರತಿ ಟೈರಿನದೂ ಓದಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಡಿಯಲ್ಲಿ ತೂಗುವ ಸ್ಟೆಪ್ನಿಯನ್ನು ಮರೀಬೇಡಿ. ಅದು ಓಡದೇ ಇದ್ದರೂ ವಯಸ್ಸಾಗುತ್ತೆ. ಹಣ ಎರಡು ಟೈರಿಗೇ ಇದ್ದರೆ ಹೊಸವನ್ನು ಹಿಂದೆ ಹಾಕಿಸಿ: ಮುಂದೆ ಜಾರಿದರೆ ಸ್ಟೀರಿಂಗ್‌ನಿಂದ ಸುಧಾರಿಸಬಹುದು, ಹಿಂದೆ ಜಾರಿದರೆ ಗಾಡಿ ತಿರುಗಿಬಿಡುತ್ತೆ. ಹಳೇ ವಾಲ್ವ್ ಉಳಿಸಬೇಡಿ, ಹೊಸ ಟೈರಿನ ಜೊತೆ ಹೊಸದೇ ಹಾಕಿಸಿ. ಬೇಸಿಗೆಯಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದರೆ ಗಾಳಿ ಸರಿಯಾಗಿಟ್ಟು, ಟೈರಿಗೆ ನೆರಳು ಮಾಡಿ, ಆಗಾಗ ಒಂದೆರಡು ಅಡಿ ಸರಿಸಿ.

ಪ್ರತಿ ವರ್ಷ ಇಸ್ತಿಮಾರಾ ನವೀಕರಣಕ್ಕೆ ಫಾಹೆಸ್ ತಪಾಸಣೆಗೆ ಹೋಗುತ್ತೇವಲ್ಲ, ಅದು ಆ ಒಂದು ದಿನದ ಮಾತು. ಖಾಲಿ ಗಾಡಿ ಪಾಸಾಗುತ್ತೆ. ತುಂಬಿದ ಗಾಡಿಯ ಪರೀಕ್ಷೆ ನಡೆಯೋದು ರಸ್ತೆಯ ಮೇಲೆ, ನಮ್ಮವರನ್ನು ಕೂರಿಸಿಕೊಂಡು.

ಹೊಸ ಟೈರು ಹಾಕಿಸಿದ ದಿನ ಚಿಕ್ಕಪ್ಪನಿಗೆ ಹೇಳಿದೆ, "ಅವತ್ತು ತಪ್ಪು ನಂದು ಚಿಕ್ಕಪ್ಪ." ಅವರು ಗಾಳಿ ಗೇಜು ನನ್ನ ಕೈಗೆ ಕೊಟ್ಟು, "ಸರಿ ಬಿಡು ಮಾರಾಯ, ಇನ್ಮೇಲೆ ಇದು ನಿನ್ನ ಕೆಲಸ" ಅಂದರು. ಫೆಬ್ರವರಿ ಕೊನೆಗೆ ತಂಗಿಯೂ ಬಂದಳು. ಹತ್ತುವ ಮುಂಚೆ ನನ್ನ ಪಕ್ಕ ಕೂತು ಟೈರಿನ ಮೇಲಿನ ನಾಲ್ಕು ಅಂಕಿ ತಾನೇ ಓದಿದಳು, ಆಮೇಲೆ ಹತ್ತಿದಳು.

ಇದನ್ನು ಓದಿ ಮುಗಿಸಿದವರು ಇವತ್ತೇ ಒಮ್ಮೆ ಕೆಳಗಿಳಿದು ನಿಮ್ಮ ಗಾಡಿಯ ಐದೂ ಟೈರಿನ ನಾಲ್ಕು ಅಂಕಿ ಓದಿ ಬನ್ನಿ. ಐದು ನಿಮಿಷದ ಕೆಲಸ.