ಮೀನಿಗಿಂತ ಮೊದಲು ಗಿಡ

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ತನ್ನ ಒಂದು ಪ್ರಯೋಗದ ವಿವರವನ್ನು ಪ್ರಕಟಿಸಿದ. ದೊಡ್ಡ ಗಾಜಿನ ಪಾತ್ರೆಯಲ್ಲಿ ನೀರು, ತಳಕ್ಕೆ ಮರಳು ಮತ್ತು ಕೆಸರು, ವ್ಯಾಲಿಸ್ನೇರಿಯಾ ಗಿಡ, ಎರಡು ಪುಟ್ಟ ಗೋಲ್ಡ್‌ಫಿಶ್. ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡತೊಡಗಿದಾಗ ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನೆಲ್ಲ ತಿಂದವು, ನೀರು ತಿಳಿಯಾಯಿತು. ಪಂಪಿಲ್ಲ, ಫಿಲ್ಟರಿಲ್ಲ. ಇವತ್ತು ಹವ್ಯಾಸಿಗಳು 'ಲೋ-ಟೆಕ್' ಎನ್ನುವ ಗಿಡದ ತೊಟ್ಟಿಯ ಮೂಲ ಲೆಕ್ಕ ಅಲ್ಲೇ ಇದೆ. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಹಾಯಿಸುವ ಏರ್ಪಾಟು ಬೇಡ, ದುಬಾರಿ ಲೈಟು ಬೇಡ. ಮೀನಿನ ಕೊಳೆ ಗಿಡಕ್ಕೆ ಗೊಬ್ಬರ, ಗಿಡ ಬಿಡುವ ಆಮ್ಲಜನಕ ಮೀನಿಗೆ ಉಸಿರು.

ತುಮಕೂರಿನ ನಮ್ಮ ಮನೆಯಲ್ಲಿ ಮೊದಲ ತೊಟ್ಟಿ ಇಟ್ಟಾಗ ನಾನು ಈ ಲೆಕ್ಕವನ್ನು ತಲೆಕೆಳಗು ಮಾಡಿದೆ. ಮೊದಲು ಮೀನು ತಂದೆ, ಆಮೇಲೆ ನೀರಿನ ಬಗ್ಗೆ ಯೋಚಿಸಿದೆ, ಕಡೆಗೆ ಅಂದಕ್ಕೆಂದು ಒಂದೆರಡು ಗಿಡ ಚುಚ್ಚಿದೆ. ಆಗ ಸತ್ತ ಮೀನುಗಳನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ. ಹೊಸದಾಗಿ ಶುರುಮಾಡುವವರ ತೊಟ್ಟಿಯಲ್ಲಿ ಹಾಗೆ ಜೀವ ಹೋಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

1. ಜಾಗ ಮೊದಲು ನಿಶ್ಚಯವಾಗಲಿ

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ನೀರೇ 50 ಕಿಲೊ, ಅದರ ಮೇಲೆ ಮಣ್ಣು, ಮರಳು, ಗಾಜಿನ ತೂಕ ಬೇರೆ. ಒಮ್ಮೆ ತುಂಬಿದ ಮೇಲೆ ಸರಿಸಲು ಹೋದರೆ ಗಾಜಿನ ಜೋಡಣೆ ಬಿಡುತ್ತದೆ. ಸಮತಟ್ಟಾದ ಗಟ್ಟಿ ಸ್ಟ್ಯಾಂಡು, ಅದರ ಮೇಲೊಂದು ಥರ್ಮಾಕೋಲ್ ಹಾಳೆ ಇರಬೇಕು. ಗಿಡಕ್ಕೆ ಬಿಸಿಲು ಸಿಗಲೆಂದು ನಾನು ಪೂರ್ವದ ಕಿಟಕಿಯ ಪಕ್ಕ ಇಟ್ಟಿದ್ದೆ. ಬೇಸಿಗೆ ಬರುವಷ್ಟರಲ್ಲಿ ನೀರು ಹಸಿರಾಗಿ, ಒಳಗೆ ಏನಿದೆಯೆಂದೇ ಕಾಣದಾಯಿತು.

2. ನಲ್ಲಿಯಲ್ಲಿ ಬರುವುದೆಲ್ಲ ಒಂದೇ ನೀರಲ್ಲ

ನಮ್ಮ ಮನೆಗೆ ಎರಡು ನೀರು. ಒಂದು ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು, ಇನ್ನೊಂದು ಬೋರ್‌ವೆಲ್ಲಿನದು. ಎರಡೂ ಸಂಪಿನಲ್ಲಿ ಸೇರುತ್ತಿದ್ದುದರಿಂದ ತೊಟ್ಟಿಗೆ ಯಾವ ದಿನ ಯಾವುದು ಹೋಯಿತೆಂದು ನಾನು ಗಮನಿಸಿರಲಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟಿನಲ್ಲಿ ಒಂದು ಹಗಲು ರಾತ್ರಿ ಬಿಟ್ಟರೆ ಅದು ಬಹುಪಾಲು ಹಾರಿಹೋಗುತ್ತದೆ. ಕ್ಲೋರಮೈನ್ ಬಳಸುವ ಊರುಗಳಲ್ಲಿ ಇದು ಸಾಲದು, ಅದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಅಂಗಡಿಯಲ್ಲಿ ಆ್ಯಂಟಿ-ಕ್ಲೋರಿನ್ ಹೆಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್. ಕ್ಲೋರಿನ್ನಿಗೆ ಅದರ ಕೆಲವೇ ಹನಿ ಸಾಕು.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲ, ಆದರೆ ಗಡಸು ಹೆಚ್ಚು. ಗೀಸರ್ ಕಾಯಿಲಿಗೆ ಬಿಳಿ ಪದರ ಕಟ್ಟುವ ನೀರು ತೊಟ್ಟಿಗೂ ಗಡಸೇ. ಅಮೆಜಾನಿನ ಮೆದು ನೀರಿನ ನಿಯಾನ್ ಟೆಟ್ರಾಗಳನ್ನು ಈ ನೀರಿಗೆ ಬಿಟ್ಟು ಕಳೆದುಕೊಂಡೆ. ಅಲ್ಲಿಂದ ಇನ್ನೊಂದು ತುದಿಗೆ ಹೋಗಿ ಅಡುಗೆಮನೆಯ ಆರ್‌ಒ ನೀರನ್ನೇ ತುಂಬಿದೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಹೊಸ ಎಲೆಗಳು ಮುರುಟಿಕೊಂಡವು, ಬಸವನಹುಳುಗಳ ಚಿಪ್ಪು ಸವೆದು ಬಿಳಿಚಿತು. ಕೊನೆಗೆ ಒಪ್ಪಿಕೊಂಡದ್ದು ಇಷ್ಟು: ಮನೆಗೆ ಯಾವ ನೀರು ಬರುತ್ತದೋ ಅದಕ್ಕೆ ಒಗ್ಗುವ ಮೀನನ್ನು ಆರಿಸಬೇಕು. ಗಡಸು ನೀರಿನಲ್ಲಿ ಗಪ್ಪಿ ಚೆನ್ನಾಗಿರುತ್ತದೆ, ವ್ಯಾಲಿಸ್ನೇರಿಯಾ ಇನ್ನೂ ಚೆನ್ನಾಗಿರುತ್ತದೆ.

3. ಗೊಬ್ಬರವಿಲ್ಲದ ಮಣ್ಣೇ ಒಳ್ಳೆಯ ಮಣ್ಣು

ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಗಿಡದ ತೊಟ್ಟಿಗಳ ಪರಿಸರದ ಬಗ್ಗೆ ಬರೆದ ಪುಸ್ತಕ ಈ ಹವ್ಯಾಸದ ದಾರಿಯನ್ನೇ ತಿರುಗಿಸಿತು. ತಳಕ್ಕೆ ಸುಮಾರು ಒಂದು ಇಂಚು ಸಾದಾ ಮಣ್ಣು, ಅದರ ಮೇಲೆ ಅಷ್ಟೇ ದಪ್ಪ ಮರಳು ಎನ್ನುವುದು ಅವರ ಕ್ರಮ. ನಾನು 'ಮಣ್ಣು' ಎಂಬಷ್ಟನ್ನೇ ಹಿಡಿದುಕೊಂಡು, ಗಿಡಕ್ಕೆ ಒಳ್ಳೆಯದೆಂದು ನರ್ಸರಿಯ ಮಣ್ಣು ತಂದೆ. ಅದರಲ್ಲಿ ಕೊಟ್ಟಿಗೆ ಗೊಬ್ಬರವಿತ್ತು, ಎರೆಗೊಬ್ಬರವಿತ್ತು. ಅದೂ ಸಾಲದೆಂದು ಇನ್ನೊಂದು ಹಿಡಿ ಎರೆಗೊಬ್ಬರವನ್ನು ನಾನೇ ಸೇರಿಸಿದೆ. ವಾರ ಕಳೆಯುವಷ್ಟರಲ್ಲಿ ನೀರು ಟೀ ಬಣ್ಣಕ್ಕೆ ತಿರುಗಿತು. ತಳದಿಂದ ಗುಳ್ಳೆಗಳು ಏಳತೊಡಗಿದವು, ಬೆರಳಾಡಿಸಿದರೆ ಕೊಳೆತ ಮೊಟ್ಟೆಯ ವಾಸನೆ. ಗೊಬ್ಬರ ಕೊಳೆಯುತ್ತ ನೀರಿಗೆ ಅಮೋನಿಯಾ ಬಿಡುತ್ತಿತ್ತು. ಉಸಿರಾಡದ ತಳದಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತಿತ್ತು. ಬೇರುಗಳು ಕಪ್ಪಾಗಿ ಕಿತ್ತುಬಂದವು. ಎಲ್ಲವನ್ನೂ ಬಕೆಟ್ಟಿಗೆ ಸುರಿದು ಮತ್ತೆ ಶುರುಮಾಡಬೇಕಾಯಿತು.

ಎರಡನೆಯ ಸಲ ಹಿತ್ತಲಿನಲ್ಲಿ ಯಾವತ್ತೂ ಗೊಬ್ಬರ ಕಾಣದ ಮೂಲೆಯ ಕೆಮ್ಮಣ್ಣು ತೆಗೆದೆ. ಜರಡಿ ಹಿಡಿದು ಬೇರು, ಕಡ್ಡಿ ತೆಗೆದೆ, ನೀರಿನಲ್ಲಿ ನೆನೆಸಿ ತೇಲಿದ್ದನ್ನು ಚೆಲ್ಲಿದೆ, ಮತ್ತೆ ನೆನೆಸಿದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದು. ಆಮ್ಲಜನಕ ಕಡಿಮೆಯಿರುವ ತಳದಲ್ಲಿ ಆ ಕಬ್ಬಿಣ ಕರಗುವ ರೂಪಕ್ಕೆ ಬಂದು ಬೇರಿಗೆ ದಕ್ಕುತ್ತದೆ. ನಮ್ಮ ಬಯಲುಸೀಮೆಯವರಿಗೆ ಇದು ಅಂಗಳದಲ್ಲೇ ಸಿಗುವ ಸಂಪತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಮರಳಿನ ಬಗ್ಗೆಯೂ ಒಂದು ಮಾತು. ತರುವ ಮೊದಲು ಒಂದು ಹಿಡಿಗೆ ವಿನೆಗರ್ ಹಾಕಿ ನೋಡಿ, ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ನೀರು ಇನ್ನಷ್ಟು ಗಡಸಾಗುತ್ತದೆ. ಎಂ-ಸ್ಯಾಂಡ್ ಆದರೆ ಹಾಲಿನಂಥ ಪುಡಿ ಹೋಗುವವರೆಗೂ ತೊಳೆಯಬೇಕು. ಅದರ ಚೂಪು ಅಂಚು ತಳ ಕೆದಕುವ ಮೀನುಗಳ ಮೀಸೆಗೆ ಹಿತವಲ್ಲ.

4. ಮೊದಲ ದಿನವೇ ತೊಟ್ಟಿ ತುಂಬ ಗಿಡ

ಗಿಡ ಬೆಳೆದು ತುಂಬಿಕೊಳ್ಳಲಿ ಎಂದು ಖಾಲಿ ಜಾಗ ಬಿಟ್ಟಿದ್ದೆ. ಆ ಖಾಲಿ ಜಾಗವನ್ನು ಪಾಚಿ ತುಂಬಿಕೊಂಡಿತು. ನೀರಿನಲ್ಲಿರುವ ಪೋಷಕಾಂಶವನ್ನು ಯಾರಾದರೂ ತಿನ್ನಲೇಬೇಕು, ಗಿಡ ತಿನ್ನದಿದ್ದರೆ ಪಾಚಿ ತಿನ್ನುತ್ತದೆ. ಆದ್ದರಿಂದ ಮೊದಲ ತಿಂಗಳುಗಳಿಗೆ ಬೇಗ ಬೆಳೆಯುವ, ಅಗ್ಗದ ಗಿಡಗಳೇ ಬೇಕು: ಹೈಡ್ರಿಲ್ಲಾ, ಹಾರ್ನ್‌ವರ್ಟ್, ವ್ಯಾಲಿಸ್ನೇರಿಯಾ, ಮೇಲೆ ತೇಲಲು ಸ್ವಲ್ಪ ಅಂತರಗಂಗೆ. ಕೆಂಪು ಎಲೆಯ ಚಂದದ ಗಿಡಗಳಿಗೆ ಹೆಚ್ಚು ಬೆಳಕೂ ಹೆಚ್ಚು ಇಂಗಾಲದ ಡೈಆಕ್ಸೈಡೂ ಬೇಕಾಗುವುದೇ ಹೆಚ್ಚು. ನಮ್ಮ ತೊಟ್ಟಿಯಲ್ಲಿ ಅವು ನಿಧಾನವಾಗಿ ಸಾಯುತ್ತವೆ.

ಅನುಬಿಯಾಸ್ ಮತ್ತು ಜಾವಾ ಫರ್ನ್ ಇವೆರಡನ್ನೂ ಮಣ್ಣಿನಲ್ಲಿ ಆಳಕ್ಕೆ ನೆಟ್ಟು ಕೊಳೆಸಿದ್ದೇನೆ. ಅವುಗಳ ದಪ್ಪ ಅಡ್ಡಕಾಂಡ ಹೊರಗಿರಬೇಕು. ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಿದರೆ ತಾವೇ ಹಿಡಿದುಕೊಳ್ಳುತ್ತವೆ. ಕ್ರಿಪ್ಟೊಕೊರೈನ್ ವಿಷಯದಲ್ಲಿ ಮಾಡಿದ ತಪ್ಪು ಇದಕ್ಕಿಂತ ನೋವಿನದು. ನೆಟ್ಟ ಕೆಲವೇ ದಿನಗಳಲ್ಲಿ ಎಲೆಯೆಲ್ಲ ಕರಗಿ ಲೋಳೆಯಾದದ್ದನ್ನು ನೋಡಿ, ಸತ್ತಿತೆಂದು ಕಿತ್ತು ಹಾಕಿದೆ. ಕಿತ್ತಾಗ ಬೇರು ಬಿಳಿಯಾಗಿ, ಗಟ್ಟಿಯಾಗಿತ್ತು. ನೀರು ಬದಲಾದರೆ ಈ ಜಾತಿ ಹಳೆಯ ಎಲೆ ಬಿಟ್ಟು ಹೊಸದಾಗಿ ಚಿಗುರುತ್ತದೆ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇದರ ಬಳಗವಿದೆ. ಮಳೆಗಾಲದ ಪ್ರವಾಹ, ಬೇಸಿಗೆಯ ಒಣ ತಳ ಎರಡನ್ನೂ ಅವು ಬೇರಿನ ಬಲದಿಂದಲೇ ದಾಟುತ್ತವೆ. ಹಾಗಾಗಿ ಕ್ರಿಪ್ಟೊಕೊರೈನ್ ನೆಟ್ಟವರು ಒಂದೆರಡು ತಿಂಗಳು ಅದನ್ನು ಮುಟ್ಟಬೇಡಿ.

5. ಕಾಣದ ಜೀವಿಗಳಿಗೆ ಕಾಲ ಕೊಡಿ

ಎಲ್ಲಕ್ಕಿಂತ ಹೆಚ್ಚು ಮೀನು ಸತ್ತದ್ದು ಈ ಪಾಠಕ್ಕೆ. "ನೀರು ತುಂಬಿಸಿ ಎರಡು ದಿನ ಬಿಡಿ ಸಾರ್, ಆಮೇಲೆ ಮೀನು ಬಿಡಿ, ಏನೂ ಆಗಲ್ಲ" ಎಂದು ಅಂಗಡಿಯಲ್ಲಿ ಹೇಳಿದರು. ನಾನೂ ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ. ಮೂರನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತ ನಿಂತವು. ಗಾಳಿ ಸಾಲದೆಂದುಕೊಂಡು ಏರ್ ಪಂಪ್ ಹಾಕಿದೆ, ಬಲ ಬರಲೆಂದು ಊಟ ಹೆಚ್ಚಿಸಿದೆ. ಆ ಊಟವೇ ಅವುಗಳಿಗೆ ಮುಳುವಾಯಿತು.

ನಡೆದದ್ದು ಇದು. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಬಿಡುತ್ತದೆ, ಉಳಿದ ಊಟವೂ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಮೀನಿಗೆ ವಿಷ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಆಗ ಎಷ್ಟು ಗಾಳಿ ಊದಿದರೂ ಪ್ರಯೋಜನ ಕಡಿಮೆ. ನೈಟ್ರೇಟ್ ಮಾತ್ರ ಬಹುಮಟ್ಟಿಗೆ ನಿರುಪದ್ರವಿ, ಗಿಡಗಳ ಆಹಾರ. ಈ ಬ್ಯಾಕ್ಟೀರಿಯಾಗಳು ಮರಳಿನ ಕಣ, ಎಲೆ, ಫಿಲ್ಟರಿನ ಸ್ಪಂಜುಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಪಿಎಚ್ 7ರ ನೀರಿನಲ್ಲಿ ಅಮೋನಿಯಾದ ಶೇಕಡಾ ಒಂದಕ್ಕಿಂತ ಕಡಿಮೆ ಭಾಗ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇಕಡಾ ಐದರಷ್ಟಾಗುತ್ತದೆ. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಬೋರ್‌ವೆಲ್ ನೀರಿನವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು.

ಗಿಡದ ತೊಟ್ಟಿಯ ದೊಡ್ಡ ಉಪಕಾರ ಇಲ್ಲಿದೆ. ನೀರಿನ ಗಿಡಗಳು ಅಮೋನಿಯಾವನ್ನು ನೇರವಾಗಿ ಹೀರುತ್ತವೆ. ಬೇಗ ಬೆಳೆಯುವ ಗಿಡ ತುಂಬಿದ ತೊಟ್ಟಿ ಮೊದಲ ವಾರದಿಂದಲೇ ತನ್ನ ನೀರನ್ನು ತಾನು ಶುದ್ಧಮಾಡಿಕೊಳ್ಳತೊಡಗುತ್ತದೆ. ಎರಡನೆಯ ಸಲ ನಾನು ಗಿಡ ನೆಟ್ಟು, ಒಂದೆರಡು ಬಸವನಹುಳು ಬಿಟ್ಟು, ಕಾದೆ. ನಮ್ಮಮ್ಮ ದಿನವೂ ನೋಡಿ, "ಮೀನೇ ಇಲ್ಲದ ತೊಟ್ಟಿಗೆ ಲೈಟ್ ಯಾಕೋ?" ಎನ್ನುತ್ತಿದ್ದರು. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು ತಂದೆ, ಅದೂ ಕೆಲವನ್ನು ಮಾತ್ರ. ತೊಟ್ಟಿಗೆ ಹಾಕುವ ಹಣದಲ್ಲಿ ಮೊದಲ ಪಾಲು ಈ ಕಿಟ್ಟಿಗೆ ಹೋಗಲಿ ಎಂದು ಎಲ್ಲರಿಗೂ ಹೇಳುತ್ತೇನೆ.

6. ಬೆಳಕು ಹೆಚ್ಚಾದರೆ ಗೆಲ್ಲುವುದು ಪಾಚಿ

ಗಿಡ ಬೆಳೆಯುತ್ತಿಲ್ಲವೆಂದು ಲೈಟನ್ನು ಬೆಳಗಿನಿಂದ ಮಲಗುವವರೆಗೂ ಉರಿಸಿದ್ದೇನೆ. ಗಿಡಕ್ಕೆ ಕೊರತೆಯಿದ್ದದ್ದು ಇಂಗಾಲದ್ದು. ಅನಿಲಗಳು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಸಿಲಿಂಡರ್ ಇಲ್ಲದ ತೊಟ್ಟಿಯಲ್ಲಿ ಗಿಡಕ್ಕೆ ಸಿಗುವ ಇಂಗಾಲದ ಡೈಆಕ್ಸೈಡ್ ಮೀನಿನ ಉಸಿರು, ಮಣ್ಣಿನ ಕೊಳೆಯುವಿಕೆ, ಮೇಲಿನ ಗಾಳಿ ಇವಿಷ್ಟರಿಂದ ಬರಬೇಕು. ಅದು ಮುಗಿದ ಮೇಲೂ ಬೆಳಕಿದ್ದರೆ ಗಿಡ ಸುಮ್ಮನಿರುತ್ತದೆ, ಅಲ್ಪದರಲ್ಲೇ ಬದುಕಬಲ್ಲ ಪಾಚಿ ಹಬ್ಬುತ್ತದೆ. ಈಗ ಸಾಧಾರಣ ಎಲ್‌ಇಡಿಯನ್ನು ದಿನಕ್ಕೆ ಆರೇಳು ಗಂಟೆ ಉರಿಯುವಂತೆ ಟೈಮರಿಗೆ ಹಾಕಿದ್ದೇನೆ. ಮಧ್ಯಾಹ್ನ ಕೆಲವು ಗಂಟೆ ಆರಿಸಿದರೆ ಆ ಹೊತ್ತಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತೆ ಕೂಡಿಕೊಳ್ಳುತ್ತದೆ. ತೇಲುವ ಗಿಡಗಳು ಗಾಳಿಯಿಂದಲೇ ಇಂಗಾಲ ಪಡೆಯುವುದರಿಂದ ಅವುಗಳಿಗೆ ಈ ಬಡತನವಿಲ್ಲ. ಕಷ್ಟಕಾಲದಲ್ಲಿ ತೊಟ್ಟಿಯನ್ನು ಕಾಯುವುದು ಅವೇ. ಹೊಸ ತೊಟ್ಟಿಯ ಗಾಜಿಗೆ ಕಟ್ಟುವ ಕಂದು ಪುಡಿಗೆ ಮಾತ್ರ ಹೆದರಬೇಡಿ. ಅದು ಡಯಾಟಮ್, ಒರೆಸಿದರೆ ಹೋಗುತ್ತದೆ, ತೊಟ್ಟಿ ಹಳೆಯದಾದಂತೆ ತಾನೇ ನಿಲ್ಲುತ್ತದೆ.

7. ಮೀನು ಕಡಿಮೆ, ಊಟ ಇನ್ನೂ ಕಡಿಮೆ

ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೊಮ್ಮೆ ಹಾಕಿದರೆ ಸಾಕು. ಗೋಲ್ಡ್‌ಫಿಶ್ ಗಿಡ ಕೀಳುತ್ತದೆ. ಪಾಚಿ ತಿನ್ನುತ್ತದೆಂದು ಮಾರುವ ಸಕ್ಕರ್ ಮೀನು ಒಂದಡಿಗೂ ಮೀರಿ ಬೆಳೆಯುತ್ತದೆ. ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಹೆಣ್ಣು ಗಪ್ಪಿ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುವುದರಿಂದ ಗಂಡನ್ನು ಬೇರೆ ಮಾಡಿದರೂ ಮರಿ ನಿಲ್ಲುವುದಿಲ್ಲ. ಇದು ತಿಳಿಯದೆ ತಂದ ನಾನು ಮರಿಗಳಿಗೆ ಮನೆ ಹುಡುಕುತ್ತ ಬೀದಿಯ ಮಕ್ಕಳನ್ನೆಲ್ಲ ಕೇಳಬೇಕಾಯಿತು. ಬರೀ ಗಂಡುಗಳನ್ನೇ ತಂದರೆ ಈ ತಾಪತ್ರಯವಿಲ್ಲ. ನಮ್ಮ ಕಡೆಯ ಮೀನೇ ಬೇಕೆನ್ನುವವರು ಪಶ್ಚಿಮ ಘಟ್ಟದ 'ಮಿಸ್ ಕೇರಳ'ದ ಆಸೆ ಬಿಡಿ. ಅದು ಅಳಿವಿನಂಚಿನ ಮೀನು, ಹರಿಯುವ ಹೊಳೆಯದು, ಎರಡಡಿಯ ತೊಟ್ಟಿ ಅದಕ್ಕೆ ಸೆರೆಮನೆ. ಭಾರತದ್ದೇ ಆದ ಜೀಬ್ರಾ ಡ್ಯಾನಿಯೊ ಗಟ್ಟಿ ಜೀವ, ಗುಂಪಿನಲ್ಲಿ ಸಂತೋಷವಾಗಿರುತ್ತದೆ.

8. ಬೇಸಿಗೆಗೂ ಕರೆಂಟ್ ಹೋಗುವುದಕ್ಕೂ ತಯಾರಿರಿ

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ. ಗಿಡಗಳೂ ಕತ್ತಲಲ್ಲಿ ಆಮ್ಲಜನಕವನ್ನು ಬಳಸುತ್ತವೆ. ಹೀಗಾಗಿ ಏಪ್ರಿಲ್ ತಿಂಗಳ ನಸುಕಿನ ಹೊತ್ತೇ ತೊಟ್ಟಿಗೆ ಕಷ್ಟದ ಹೊತ್ತು. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಆವಿಯಾಗುತ್ತ ನೀರು ತಣಿಯುತ್ತದೆ. ಆವಿಯಾದಷ್ಟನ್ನು ಬೋರ್‌ವೆಲ್ ನೀರಿನಿಂದ ತುಂಬುತ್ತ ಹೋದರೆ ಗಡಸು ಏರುತ್ತಲೇ ಇರುತ್ತದೆ. ಆರ್‌ಒ ನೀರಿಗೆ ಸರಿಯಾದ ಜಾಗ ಇದು. ಕರೆಂಟ್ ಹೋದಾಗ, ಮೀನು ಕಡಿಮೆಯಿರುವ ಗಿಡದ ತೊಟ್ಟಿ ಗಂಟೆಗಟ್ಟಲೆ ಆತಂಕವಿಲ್ಲದೆ ಇರುತ್ತದೆ.

9. ತೊಟ್ಟಿಯದು ಕೆರೆಗೆ ಹೋಗಬಾರದು, ಕೆರೆಯದು ಹಾಗೇ ತೊಟ್ಟಿಗೆ ಬರಬಾರದು

ಕೆರೆಯಿಂದ ತಂದ ಹೈಡ್ರಿಲ್ಲಾವನ್ನು ತೊಳೆಯದೆ ಹಾಕಿ, ಅದರೊಂದಿಗೆ ಬಂದ ಏರೋಪ್ಲೇನ್ ಚಿಟ್ಟೆಯ ಮರಿಹುಳು ಮೀನುಮರಿಗಳನ್ನು ಒಂದೊಂದಾಗಿ ತಿಂದದ್ದು ನನಗೆ ಬಹಳ ತಡವಾಗಿ ತಿಳಿಯಿತು. ಈಗ ಹೊರಗಿನ ಗಿಡವನ್ನು ತೊಳೆದು, ಬೇರೆ ಬಕೆಟಿನಲ್ಲಿ ಕೆಲವು ವಾರ ಇಟ್ಟು, ದಿನವೂ ನೋಡಿ ಆಮೇಲೆ ನೆಡುತ್ತೇನೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಬೇಡವಾದ ಸಕ್ಕರ್ ಮೀನನ್ನು "ಪಾಪ, ಬದುಕಿಕೊಳ್ಳಲಿ" ಎಂದು ಕೆರೆಗೆ ಬಿಡುವವರಿದ್ದಾರೆ. ದಕ್ಷಿಣ ಅಮೆರಿಕದ ಈ ಮೀನು ನಮ್ಮ ಕೆರೆಗಳಲ್ಲಿ ಈಗಾಗಲೇ ಬೇರೂರಿದೆ, ಬಲೆ ಹಾಕುವವರಿಗೆ ಅದು ನಷ್ಟ. ತೇಲುಗಿಡಗಳ ಕಥೆಯೂ ಅಷ್ಟೇ, ಕೆರೆ ಮುಚ್ಚಲು ಅವಕ್ಕೆ ಹೆಚ್ಚು ಕಾಲ ಬೇಡ. ಸಾಕಲಾಗದ ಮೀನನ್ನು ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಿ. ಕತ್ತರಿಸಿದ ಗಿಡವನ್ನು ಚರಂಡಿಗೆ ಹಾಕದೆ ಬಿಸಿಲಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲಿ ನೈಟ್ರೇಟ್ ಇರುತ್ತದೆ, ನಮ್ಮ ಮನೆಯಲ್ಲಿ ಅದು ಕರಿಬೇವಿನ ಗಿಡಕ್ಕೆ ಹೋಗುತ್ತದೆ. ವ್ಯಾಲಿಸ್ನೇರಿಯಾ ಬಳ್ಳಿ ಹಬ್ಬಿಸಿ ಸಸಿ ಹುಟ್ಟಿಸುತ್ತಲೇ ಇರುವುದರಿಂದ ಕೇಳಿದವರಿಗೆಲ್ಲ ಒಂದು ಹಿಡಿ ಒದ್ದೆ ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ, ಜೊತೆಗೆ ಒಂದು ಡಬ್ಬಿ ಜರಡಿ ಹಿಡಿದ ಕೆಮ್ಮಣ್ಣು.