ಇಂದಿನ ಧಮ್ಮ ಚಿಂತನೆ: ಹಿರಿಯರ ಹಬ್ಬ, ಕಡ್ಲೆಪುರಿ ಮತ್ತು ನಮ್ಮನೆಯ ಪವಾರಣ



ಈ ವಾರ ಬರೆಯುವ ಸರದಿ ನನ್ನದು. ವರ್ಷಾವಾಸ ಮುಗಿಯಿತಲ್ಲ, ಪವಾರಣದ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದಿದ್ದರು. ಪುಸ್ತಕ ತೆಗೆದಿಟ್ಟುಕೊಂಡು ಕೂತೆ. ಆದರೆ ಈ ಸಲ ನನಗೆ ಪವಾರಣ ಅರ್ಥವಾದದ್ದು ಪುಸ್ತಕದಿಂದಲ್ಲ, ಮನೆಯಲ್ಲಿ. ಹಾಗಾಗಿ ಅದನ್ನೇ ಹೇಳುತ್ತೇನೆ. ನನ್ನ ತಪ್ಪೂ ಇದರಲ್ಲಿದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ದೇವಲಾಪುರದ ಕಡೆ ಈಗ ರಾಗಿ ತೆನೆಗೆ ಬಂದಿದೆ. ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿ ಹೂ ಬಿಟ್ಟು ಹೊಲಕ್ಕೆ ಅಂಚು ಕಟ್ಟಿದಂತೆ ಕಾಣುತ್ತದೆ, ಅವರೆ ಬಳ್ಳಿ ಹಬ್ಬುತ್ತಿದೆ. ದಸರಾ ರಜೆ, ಮಕ್ಕಳು ದಿನವಿಡೀ ಮನೆಯಲ್ಲೇ. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಸುಧಾರಿಸುವ ನನಗೆ ಮನೆಯ ಇಬ್ಬರು ಹೆಚ್ಚಾಗುತ್ತಾರೆ. ದೊಡ್ಡವಳಿಗೆ ಎಂಟು, ಚಿಕ್ಕವನಿಗೆ ಐದು.

ನಮ್ಮಂಥ ಮನೆಗಳಿಗೆ ಇದು ಸುಲಭದ ಕಾಲವಲ್ಲ. ಮಹಾಲಯ ಅಮಾವಾಸ್ಯೆ, ಆಯುಧಪೂಜೆ, ದೀಪಾವಳಿ, ಒಂದರ ಹಿಂದೆ ಒಂದು. ಬೀದಿಯೆಲ್ಲ ಹಬ್ಬ ಮಾಡುವಾಗ ನಮ್ಮ ಮಕ್ಕಳು ಜಗಲಿ ಮೇಲೆ ಕೂತು ನೋಡುತ್ತವೆ. "ನಮ್ಮನೇಲಿ ಯಾಕಿಲ್ಲ?" ಅನ್ನುತ್ತವೆ. ದೊಡ್ಡವರಿಗೆ ಒಂದು ಉತ್ತರ ಹೇಳಿ ಮುಗಿಸಬಹುದು, ಐದು ವರ್ಷದವನಿಗೆ ಹೇಳುವುದು ಕಷ್ಟ.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನದ ಮಾತು. ನಮ್ಮ ಅತ್ತೆ ನಮ್ಮ ಜೊತೆಯಲ್ಲೇ ದೀಕ್ಷೆ ತೆಗೆದುಕೊಂಡವರು. ತ್ರಿಶರಣ, ಪಂಚಶೀಲವನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ಬುದ್ಧ ಪೂರ್ಣಿಮೆಗೆ ಬಿಳಿ ಸೀರೆ ತಪ್ಪಿಸಿದವರಲ್ಲ. ಆದರೆ ಮಾವನವರು ತೀರಿಕೊಂಡ ಮೇಲೆ ಪ್ರತಿ ವರ್ಷ ಈ ಅಮಾವಾಸ್ಯೆ ಹತ್ತಿರ ಬಂದಾಗ ಅವರು ಮಂಕಾಗುತ್ತಾರೆ. ಈ ಸಲ ಟ್ರಂಕಿನಲ್ಲಿ ಏನೋ ಹುಡುಕುವಾಗ ನನಗೆ ಒಂದು ಹೊಸ ಪಂಚೆ ಸಿಕ್ಕಿತು. ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ಪಿಂಚಣಿ ದುಡ್ಡಲ್ಲಿ ಉಳಿಸಿ ತಂದಿಟ್ಟಿದ್ದರು. ಎಡೆಗೆ ಇಡೋಕೆ ಅಂತ ನನಗೆ ಗೊತ್ತಾಯಿತು.

ನಾನು ಸುಮ್ಮನಿರಬಹುದಿತ್ತು. ಮಕ್ಕಳ ಎದುರಿಗೇ, ಕೈ ತಿರುವಿ, "ಸತ್ತವರು ಬಂದು ಉಣ್ತಾರಾ ಅತ್ತೆ? ಇಷ್ಟು ವರ್ಷ ಆಯ್ತು, ಇನ್ನೂ ಇದೇನಾ?" ಅಂದುಬಿಟ್ಟೆ. ಅವರು ಒಂದು ಮಾತೂ ಆಡದೆ ಪಂಚೆಯನ್ನು ಮಡಚಿ ಒಳಗಿಟ್ಟರು. ಅಮಾವಾಸ್ಯೆ ಬಂತು, ಹೋಯಿತು. ಗೆದ್ದೆ ಅಂದುಕೊಂಡೆ.

ನಾಲ್ಕು ದಿನ ಕಳೆದ ಮೇಲೆ ಅತ್ತೆ ಚಿಕ್ಕವನಿಗೆ ಮುದ್ದೆ ಮುರಿದು ಕೊಡುತ್ತಾ, "ನಿಮ್ ತಾತುಂಗೂ ಹಿಂಗೇ ಬಿಸಿಬಿಸಿ ಇರ್ಬೇಕಿತ್ತು ಕಣ್ಲಾ ಮಗ" ಅಂದರು. ಅವನು ನನ್ನ ಹಾಗೇ ಹುಬ್ಬೇರಿಸಿ, ನನ್ನ ಹಾಗೇ ಕೈ ತಿರುವಿ, "ಸತ್ತವರು ಬಂದು ಉಣ್ತಾರಾ ಅಜ್ಜಿ?" ಅಂದ. ಅತ್ತೆ ತಟ್ಟೆ ಬಿಟ್ಟು ಎದ್ದುಹೋದರು. ಮಗುವಿಗೆ ಏನಾಯಿತೆಂದು ತಿಳಿಯಲಿಲ್ಲ. ನನಗೆ ತಿಳಿಯಿತು.

ಒಂದು ಮಾತನ್ನು ಸ್ಪಷ್ಟ ಮಾಡುತ್ತೇನೆ. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಅನ್ನುವುದು ನಮ್ಮ 22 ಪ್ರತಿಜ್ಞೆಗಳಲ್ಲೇ ಇದೆ. ಅದನ್ನು ನಾನು ಸಡಿಲ ಮಾಡಿ ಹೇಳುತ್ತಿಲ್ಲ. ಹಿರಿಯರ ಹಬ್ಬಕ್ಕೆ ಮರಿ ತರಲು ನಮ್ಮ ತಂದೆ ಮಾಡಿದ ಸಾಲವನ್ನು ಸುಗ್ಗಿವರೆಗೂ ತೀರಿಸಿದ್ದನ್ನು ಕಣ್ಣಾರೆ ಕಂಡವಳು ನಾನು. ಬದುಕಿದ್ದವರ ಹೊಟ್ಟೆ ಕಟ್ಟಿ ಸತ್ತವರಿಗೆ ಬಡಿಸುವ ಪದ್ಧತಿ ಬೇಡ. ನಾನು ಹೇಳಿದ ವಿಷಯ ತಪ್ಪಲ್ಲ, ಹೇಳಿದ ರೀತಿ ತಪ್ಪು. ಆ ರೀತಿಯನ್ನೇ ನನ್ನ ಮಗ ಕಲಿತ.

ಅವತ್ತು ರಾತ್ರಿ ದೀಘನಿಕಾಯದ ಸಿಗಾಲೋವಾದ ಸುತ್ತವನ್ನು ಮತ್ತೆ ತೆಗೆದೆ. ಎಲ್ಲರಿಗೂ ಗೊತ್ತಿರುವ ಪ್ರಸಂಗ. ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಗೃಹಸ್ಥರ ವಿನಯ ಹೇಳುವಾಗ ಇದನ್ನೇ ತೆಗೆದುಕೊಂಡಿದ್ದಾರೆ. ರಾಜಗೃಹದ ಹೊರಗೆ ಸಿಗಾಲನೆಂಬ ಯುವಕ ಬೆಳಗಾಗೆದ್ದು, ಒದ್ದೆ ಬಟ್ಟೆ ಒದ್ದೆ ತಲೆಯಲ್ಲಿ ಆರು ದಿಕ್ಕಿಗೂ ಕೈಮುಗಿಯುತ್ತಿರುತ್ತಾನೆ. ಯಾಕೆ ಎಂದು ಬುದ್ಧರು ಕೇಳುತ್ತಾರೆ. ಸಾಯುವಾಗ ಅಪ್ಪ ಹೀಗೆ ಮಾಡು ಎಂದು ಹೇಳಿದ್ದರು, ಅವರ ಮಾತಿನ ಮೇಲಿನ ಗೌರವಕ್ಕೆ ಮಾಡುತ್ತಿದ್ದೇನೆ ಅನ್ನುತ್ತಾನೆ.

ಇದನ್ನು ನಾನು ಎಷ್ಟೋ ಸಲ ಓದಿದ್ದೆ. ಆರು ದಿಕ್ಕು ಯಾವುವು ಎಂದು ಬಾಯಿಪಾಠ ಇತ್ತು: ಪೂರ್ವ ತಂದೆತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಸ್ನೇಹಿತರು, ಕೆಳಗೆ ದುಡಿಯುವವರು, ಮೇಲೆ ಶ್ರಮಣರು. ಆದರೆ ಆ ಪಟ್ಟಿಗೆ ಮುಂಚಿನ ಸಾಲುಗಳನ್ನು ಗಮನಿಸಿರಲಿಲ್ಲ. ಬುದ್ಧರು ಅವನನ್ನು ನೋಡಿ ನಗಲಿಲ್ಲ. ದಿಕ್ಕು ಬಂದು ನಿನ್ನ ನಮಸ್ಕಾರ ತಗೊಳ್ಳುತ್ತದೆಯೇ ಎಂದು ಕೇಳಲಿಲ್ಲ. ತೀರಿಹೋದ ಅಪ್ಪನ ಮೇಲೆ ಆ ಹುಡುಗನಿಗಿದ್ದ ಪ್ರೀತಿಯನ್ನು ಹಾಗೇ ಉಳಿಸಿ, ಮುಗಿದ ಕೈಯನ್ನು ಮಾತ್ರ ಬದುಕಿರುವವರ ಕಡೆಗೆ ತಿರುಗಿಸಿದರು. ನಾನು ನಮ್ಮತ್ತೆಯ ಕೈಯಿಂದ ಪಂಚೆ ಕಿತ್ತುಕೊಂಡೆ, ಬದಲಿಗೆ ಏನೂ ಕೊಡಲಿಲ್ಲ.

ಅದೇ ಸುತ್ತದಲ್ಲಿ ಮಕ್ಕಳು ತಂದೆತಾಯಿಗೆ ಮಾಡಬೇಕಾದ ಐದು ಕರ್ತವ್ಯ ಹೇಳುತ್ತಾರಲ್ಲ, ಅದರ ಕೊನೆಯದನ್ನು ನೋಡಿ. ಸಾಕಿದವರನ್ನು ಸಾಕುವುದು, ಅವರ ಕೆಲಸ ಮಾಡುವುದು, ಮನೆತನ ಉಳಿಸುವುದು, ಆಸ್ತಿಗೆ ಯೋಗ್ಯರಾಗಿರುವುದು, ಐದನೆಯದು ತೀರಿಕೊಂಡವರ ಹೆಸರಿನಲ್ಲಿ ದಾನ ಕೊಡುವುದು. ಪಾಲಿಯಲ್ಲಿ ಅದಕ್ಕಿರುವ ಶಬ್ದ ದಕ್ಖಿಣಾ. ಇದು ಪಿಂಡವಲ್ಲ. ಪಿಂಡ ಸತ್ತವರಿಗೆಂದು ಇಡುವುದು, ಇದು ಅವರ ಹೆಸರು ಹೇಳಿ ಬದುಕಿರುವವರ ಕೈಗೆ ಕೊಡುವುದು. ಪ್ರತಿಜ್ಞೆಯೂ ಮುರಿಯಲಿಲ್ಲ, ನೆನಪೂ ಅಳಿಯಲಿಲ್ಲ. ಇಷ್ಟು ದಿನ ಈ ಬಾಗಿಲು ಇದೆ ಅಂತಲೇ ನನಗೆ ಕಂಡಿರಲಿಲ್ಲ.

ಕಂಡದ್ದನ್ನು ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಆಯುಧಪೂಜೆ ಬಂತು.

ಪಕ್ಕದ ಮನೆಯವರು ಟ್ರ್ಯಾಕ್ಟರ್ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಒಡೆದರು. ಚಿಕ್ಕವನು ಅಲ್ಲೇ ಇದ್ದ. ಮನೆಗೆ ಬಂದಾಗ ತುಟಿ ಮೇಲೆ ಕಡ್ಲೆಪುರಿ ಸಿಪ್ಪೆ, ಜೇಬು ಉಬ್ಬಿದೆ. "ಏನು ತಿಂದೆ?" ಅಂದೆ. "ಏನೂ ತಿಂದಿಲ್ಲ ಅಮ್ಮ." ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಹೊಡೆಯಲು ಕೈ ಎತ್ತಿದವಳು ಇಳಿಸಿದೆ. ಒಂದು ಹಿಡಿ ಪುರಿಗೆ ಈ ಮಗು ಯಾಕೆ ಸುಳ್ಳು ಹೇಳಬೇಕು? ಅದು ಹೆದರಿದ್ದು ಪುರಿಗಲ್ಲ, ನನಗೆ.

ಅಂಬಲಟ್ಠಿಕ ರಾಹುಲೋವಾದ ಸುತ್ತ ನೆನಪಿಗೆ ಬಂತು. ರಾಹುಲನಿಗೆ ಆಗ ಏಳು ವರ್ಷ ಎಂದು ಅಟ್ಠಕಥೆಗಳು ಹೇಳುತ್ತವೆ. ಬುದ್ಧರು ಕಾಲು ತೊಳೆದು, ಪಾತ್ರೆಯಲ್ಲಿ ಒಂದಿಷ್ಟು ನೀರು ಉಳಿಸಿ ತೋರಿಸುತ್ತಾರೆ. ಬೇಕೆಂದೇ ಸುಳ್ಳು ಹೇಳಿ ನಾಚದವರ ಶ್ರಮಣತ್ವ ಇಷ್ಟೇ ಇಷ್ಟು ಅನ್ನುತ್ತಾರೆ. ಆ ನೀರು ಚೆಲ್ಲುತ್ತಾರೆ, ಪಾತ್ರೆ ಬೋರಲು ಹಾಕುತ್ತಾರೆ, ಆಮೇಲೆ ಎತ್ತಿ ಖಾಲಿಯನ್ನು ತೋರಿಸುತ್ತಾರೆ. ಬೈಗುಳ ಇಲ್ಲ, ಬೆತ್ತ ಇಲ್ಲ. ಬಿ.ಎಡ್.ನಲ್ಲಿ ನಮಗೆ ಬೋಧನೋಪಕರಣ ಅಂತ ಪಾಠವೇ ಇತ್ತು. ಇದಕ್ಕಿಂತ ಒಳ್ಳೆಯ ಉದಾಹರಣೆ ಅಲ್ಲಿ ಯಾರೂ ಕೊಡಲಿಲ್ಲ. ನಾನೂ ಚೊಂಬಿನಲ್ಲಿ ನೀರು ತಂದು ಹಾಗೇ ಮಾಡಿ ತೋರಿಸಿದೆ. ಅವನಿಗೆ ನೀರು ಚೆಲ್ಲುವುದೇ ಆಟವಾಯಿತು, ಇನ್ನೊಂದು ಸಲ ಮಾಡು ಅಂದ. ಆದರೆ ಮಲಗುವಾಗ ಜೇಬಿನ ಪುರಿ ತೆಗೆದು ನನ್ನ ಕೈಗಿಟ್ಟು, "ನೀನೂ ತಿನ್ನು" ಅಂದ. ತಿಂದೆ. ಪೂಜೆಯಲ್ಲಿ ನಮಗೆ ನಂಬಿಕೆಯಿಲ್ಲ, ನೆರೆಯವರು ಕೊಟ್ಟದ್ದನ್ನು ತಿಂದರೆ ತಪ್ಪಿಲ್ಲ, ಆದರೆ ತಿಂದು ತಿಂದಿಲ್ಲ ಅನ್ನಬಾರದು ಎಂದು ಹೇಳಿದೆ. ಇದನ್ನು ಒಪ್ಪದವರು ಬಳಗದಲ್ಲಿ ಇದ್ದೀರಿ, ಗೊತ್ತು.

ಮಾರನೇ ದಿನ ವಿಜಯದಶಮಿ. ಟಿವಿಯಲ್ಲಿ ಜಂಬೂಸವಾರಿ ಮುಗಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ನಮ್ಮ ವಿಜಯದಶಮಿಯ ಕಥೆ ಹೇಳಿದೆ. 1956ರ ಅಕ್ಟೋಬರ್ 14, ಅವತ್ತೂ ವಿಜಯದಶಮಿ. ನಾಗಪುರದಲ್ಲಿ ಬಾಬಾಸಾಹೇಬರು ವಯೋವೃದ್ಧ ಭಿಕ್ಖು ಚಂದ್ರಮಣಿಯವರಿಂದ ದೀಕ್ಷೆ ಪಡೆದದ್ದು, ಆಮೇಲೆ ತಾವೇ ನಿಂತು ಲಕ್ಷಾಂತರ ಜನರಿಗೆ 22 ಪ್ರತಿಜ್ಞೆ ಬೋಧಿಸಿದ್ದು. ದೊಡ್ಡವಳು ಕೇಳಿದಳು, "ಅವರ ಮಕ್ಕಳೆಲ್ಲಾ ಬಂದಿದ್ರಾ ಅಮ್ಮ?" ಐದು ಮಕ್ಕಳಲ್ಲಿ ನಾಲ್ಕು ಚಿಕ್ಕಂದಿನಲ್ಲೇ ತೀರಿಕೊಂಡವು, ಯಶವಂತ ಒಬ್ಬರೇ ಉಳಿದದ್ದು ಅಂದೆ. 1926ರಲ್ಲಿ ರಾಜರತ್ನ ತೀರಿಕೊಂಡಾಗ ಅವರು ಗೆಳೆಯರೊಬ್ಬರಿಗೆ ಬರೆದ ಕಾಗದ ಓದಿದರೆ ಇಂದಿಗೂ ಗಂಟಲು ಕಟ್ಟುತ್ತದೆ. ಅವಳು ಸ್ವಲ್ಪ ಹೊತ್ತು ಬಿಟ್ಟು, "ಅಜ್ಜಿ ತರ ಅವ್ರಿಗೂ ನೆನಪಾಗ್ತಿತ್ತಾ?" ಅಂದಳು. ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ, ಕೈ ಮಾತ್ರ ನಿಂತಿತು.

ಈಗ ಪವಾರಣಕ್ಕೆ ಬರುತ್ತೇನೆ. ವಿನಯದ ಮಹಾವಗ್ಗದಲ್ಲಿ ಇದರ ಹಿನ್ನೆಲೆ ಇದೆ. ಕೋಸಲದಲ್ಲಿ ಕೆಲವು ಭಿಕ್ಖುಗಳು ಜಗಳವೇ ಬೇಡ ಎಂದು ಮೂರು ತಿಂಗಳೂ ಒಬ್ಬರಿಗೊಬ್ಬರು ಮಾತಾಡದೆ ವರ್ಷಾವಾಸ ಮುಗಿಸಿ ಬಂದರು. ನೆಮ್ಮದಿಯಾಗಿದ್ದೆವು ಎಂದರು. ಬುದ್ಧರು ಮೆಚ್ಚಲಿಲ್ಲ. ದನಗಳು ಒಟ್ಟಿಗಿದ್ದ ಹಾಗೆ ಇದ್ದಿರಿ ಎಂದರು. ಅಂದಿನಿಂದ ವರ್ಷಾವಾಸದ ಕೊನೆಗೆ ಪ್ರತಿಯೊಬ್ಬರೂ ಸಂಘದ ಮುಂದೆ ಕೂತು, ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೆ ಕರುಣೆಯಿಂದ ಹೇಳಿ ಎಂದು ಕೇಳಿಕೊಳ್ಳಬೇಕಾಯಿತು. ಸಂಯುತ್ತ ನಿಕಾಯದಲ್ಲಿ ಬುದ್ಧರೇ ಮೊದಲು ಹಾಗೆ ಕೇಳುತ್ತಾರೆ, ನನ್ನ ನಡೆನುಡಿಯಲ್ಲಿ ಏನಾದರೂ ಇದೆಯೇ ಎಂದು. ಎಲ್ಲರಿಗಿಂತ ದೊಡ್ಡವರು ಮೊದಲು ಕೇಳಬೇಕು, ಚಿಕ್ಕವರಿಂದ ಶುರು ಮಾಡಿಸಿದರೆ ಅದು ತನಿಖೆಯಾಗುತ್ತದೆ.

ಹುಣ್ಣಿಮೆ ರಾತ್ರಿ ಅಂಗಳದಲ್ಲಿ ಚಾಪೆ ಹಾಸಿ ಐವರೂ ಕೂತೆವು. ನಮ್ಮ ಮನೆಯವರಿಗೆ ಮೊದಲು ನಗು ಬಂತು, ಆಮೇಲೆ ಅವರೂ ಸುಮ್ಮನೆ ಕೂತರು. ನಾನೇ ಶುರು ಮಾಡಿದೆ: "ಈ ಮೂರು ತಿಂಗಳಲ್ಲಿ ನನ್ನಲ್ಲಿ ಏನು ತಪ್ಪು ನೋಡಿದಿರಿ, ಹೇಳಿ. ಬೈಯೋದಿಲ್ಲ." ಚಿಕ್ಕವನು, ಮೊಬೈಲ್ ನೋಡುತ್ತಾ ಹೂಂ ಹೂಂ ಅಂತೀಯ ಅಂದ. ದೊಡ್ಡವಳು ಮಂಡಿ ಮೇಲೆ ಗಲ್ಲ ಇಟ್ಟುಕೊಂಡು ಹೇಳಿದಳು, "ನೀನು ಅಜ್ಜಿಗೆ ಹಂಗಂದಿದ್ದು. ನಮ್ ಟೀಚರ್ ಹಂಗಂದಿದ್ರೆ ನೀನು ಸ್ಕೂಲಿಗೆ ಬಂದು ಕೇಳ್ತಿದ್ದೆ."

ಅತ್ತೆಯ ಕಡೆ ತಿರುಗಿ, "ತಪ್ಪಾಯ್ತು ಅತ್ತೆ" ಅಂದೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ಆ ಮಾತು ಮೊದಲನೇ ಸಲ. ಅವರು ತುಂಬಾ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು. ಆಮೇಲೆ ಹೇಳಿದರು, "ಅವ್ರು ಬಂದು ಉಣ್ಣಾಕಿಲ್ಲ ಅಂತ ನಂಗೂ ಗೊತ್ತು ಕಣವ್ವ. ಅವ್ರ ಹೆಸರು ಹೇಳಾಕೆ ಈ ಮನೇಲಿ ಒಂದು ದಿನ ಬೇಕಿತ್ತು, ಅಷ್ಟೇಯ."

ಆಗ ನಾನು ದಕ್ಖಿಣಾದ ವಿಷಯ ಹೇಳಿದೆ. ಬೆಳಿಗ್ಗೆ ಅತ್ತೆಯೇ ಟ್ರಂಕು ತೆಗೆದು ಪಂಚೆ ಹೊರಗಿಟ್ಟರು. ಮಾವನವರ ಜೊತೆ ಕಬ್ಬು ಕಡಿಯಲು ಹೋಗುತ್ತಿದ್ದ ಹಿರಿಯರೊಬ್ಬರು ಕೇರಿಯ ಕೊನೆ ಮನೆಯಲ್ಲಿದ್ದಾರೆ, ಕಣ್ಣು ಮಂಜು. ಅತ್ತೆ, ಇಬ್ಬರು ಮಕ್ಕಳು ಅಲ್ಲಿಗೆ ಹೋಗಿ ಕೊಟ್ಟು ಬಂದರು. ಪಂಚೆ ಹಿಡಿದುಕೊಂಡು ಹೋದವನು ಚಿಕ್ಕವನು. ಆ ಅಜ್ಜ ಸ್ಟಿಕ್ಕರ್ ಸವರಿ ನೋಡಿ, ನಿಮ್ಮ ತಾತ ಬೆಲ್ಲದ ಅಚ್ಚು ಕದ್ದು ನಂಗೆ ತಂದುಕೊಡ್ತಿದ್ದ ಎಂದು ಹೇಳಿದರಂತೆ. ತಾತ ಕದೀತಿದ್ರಾ ಎಂದು ಮಕ್ಕಳಿಬ್ಬರೂ ಈಗ ದಿನಕ್ಕೆ ನಾಲ್ಕು ಸಲ ಕೇಳುತ್ತಿವೆ. ಎರಡನೇ ಶೀಲಕ್ಕೆ ಏನು ಹೇಳಲಿ? ಅತ್ತೆ ಮಾತ್ರ ಬಾಯಿಗೆ ಸೆರಗಿಟ್ಟು ನಗುತ್ತಾರೆ.

ಎಲ್ಲವೂ ಬಗೆಹರಿಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮುಂದಿನ ಅಮಾವಾಸ್ಯೆಗೆ ಕಜ್ಜಾಯ ಸುಡಲೇ ಎಂದು ಅತ್ತೆ ನಿನ್ನೆ ಕೇಳಿದರು. ಸುಡಿ, ಬೀದಿ ಮಕ್ಕಳಿಗೆಲ್ಲ ಹಂಚೋಣ, ಎಡೆ ಮಾತ್ರ ಬೇಡ ಅಂದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಭಾನುವಾರದ ಸಭೆಯಲ್ಲಿ ಸಿಗಾಲೋವಾದ ಸುತ್ತವನ್ನು ಪೂರ್ತಿ ಓದೋಣ. ಹಿರಿಯರ ಹಬ್ಬದ ದಿನ ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ, ಅಜ್ಜಿ ತಾತಂದಿರಿಗೆ ಏನು ಹೇಳುತ್ತೀರಿ ಎಂದು ಅಷ್ಟರೊಳಗೆ ಗುಂಪಿನಲ್ಲಿ ಬರೆಯಿರಿ. ಬರೆಯಲು ಸಂಕೋಚವಿದ್ದರೆ ವಾಯ್ಸ್ ಮೆಸೇಜ್ ಕಳಿಸಿದರೂ ಸಾಕು.

ನಮೋ ಬುದ್ಧಾಯ. ಜೈ ಭೀಮ್.