ಇಬಿಡ್, ಆಪ್ ಸಿಟ್, ಎಟ್ ಆಲ್: ಅಡಿಟಿಪ್ಪಣಿಯ ಮೊದಲ ಪಾಠ

ಇತಿಹಾಸದ ಹಳೆಯ ಪುಸ್ತಕ ತೆರೆದರೆ ಪುಟದ ಅಡಿಯಲ್ಲಿ ಸಣ್ಣಕ್ಷರದ ಲ್ಯಾಟಿನ್ ಪದಗಳು ಸಾಲುಗಟ್ಟಿರುತ್ತವೆ. ಸಂಶೋಧನೆಗೆ ಹೊಸಬರಾದವರು ಅವನ್ನು ಹಾರಿಸಿ ಓದುತ್ತಾರೆ. ಹಾಗೆ ಮಾಡಬೇಡಿ. ಲೇಖಕರ ಮಾತಿಗೆ ಆಧಾರ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಲು ನಮಗಿರುವ ದಾರಿ ಅದು.

ಹಂತ 1: ಮೊದಲ ಸಲ ಪೂರ್ತಿ ವಿವರ ಕೊಡಿ. ಈ ನಾಲ್ಕು ಟಿಪ್ಪಣಿಗಳನ್ನು ನೋಡಿ (ಪುಟಸಂಖ್ಯೆಗಳು ಉದಾಹರಣೆಗಷ್ಟೇ):

1. ಬಿ. ಎಲ್. ರೈಸ್, ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್, ಲಂಡನ್, 1909, ಪು. 32
2. ಇಬಿಡ್., ಪು. 47
3. ಎಫ್. ಕಿಟ್ಟೆಲ್, ಎ ಕನ್ನಡ-ಇಂಗ್ಲಿಷ್ ಡಿಕ್ಷನರಿ, ಮಂಗಳೂರು, 1894, ಪು. 110
4. ರೈಸ್, ಆಪ್. ಸಿಟ್., ಪು. 50

ಹಂತ 2: ಇಬಿಡ್. ಪೂರ್ಣರೂಪ 'ಇಬಿಡೆಮ್', ಅಂದರೆ 'ಅದೇ ಜಾಗದಲ್ಲಿ'. ಕನ್ನಡ ಪ್ರಬಂಧಗಳಲ್ಲಿ 'ಅದೇ' ಎಂದು ಬರೆಯುತ್ತೇವೆ. ಇದರ ಕೈ ಚಾಚುವುದು ತಕ್ಷಣದ ಹಿಂದಿನ ಒಂದು ಟಿಪ್ಪಣಿಯವರೆಗೆ ಮಾತ್ರ. ಮೇಲಿನ ನಾಲ್ಕನೆಯದರಲ್ಲಿ ಇಬಿಡ್ ಎಂದಿದ್ದರೆ ಓದುಗರು ಕಿಟ್ಟೆಲ್ ನಿಘಂಟು ತೆರೆಯುತ್ತಿದ್ದರು. ಹಿಂದಿನ ಟಿಪ್ಪಣಿಯಲ್ಲಿ ಎರಡು ಪುಸ್ತಕಗಳಿದ್ದರೂ ಇದನ್ನು ಬಳಸಬಾರದು. ಯಾವುದು 'ಅದೇ' ಎಂದು ಗೊತ್ತಾಗುವುದಿಲ್ಲ.

ಹಂತ 3: ಆಪ್. ಸಿಟ್. 'ಆಗಲೇ ಹೇಳಿದ ಕೃತಿಯಲ್ಲಿ' ಎಂದರ್ಥ, ನಮ್ಮಲ್ಲಿ 'ಪೂರ್ವೋಕ್ತ'. ನಡುವೆ ಬೇರೆ ಪುಸ್ತಕ ಬಂದುಹೋದಾಗ ಇದು ಬೇಕು. ಲೇಖಕರ ಹೆಸರು ಜೊತೆಗಿರಲೇಬೇಕು. ರೈಸ್ ಅವರ ಮೈಸೂರು ಗೆಜೆಟಿಯರನ್ನೂ ನೀವು ಉಲ್ಲೇಖಿಸಿದ್ದರೆ ಆಪ್ ಸಿಟ್ ಬಿಟ್ಟು, ಪುಸ್ತಕದ ಹೆಸರನ್ನೇ ಚಿಕ್ಕದಾಗಿ ಬರೆಯಿರಿ. 'ಲಾಕ್. ಸಿಟ್.' ಎಂದರೆ ಪುಟವೂ ಅದೇ.

ಹಂತ 4: ಉಳಿದ ಮೂರು. 'ಎಟ್ ಆಲ್.' ಅಂದರೆ 'ಮತ್ತಿತರರು'. 'ಎಟ್' ಇಡೀ ಪದ, ಅದಕ್ಕೆ ಚುಕ್ಕಿ ಬೇಡ. 'ಆಲ್' ಮೊಟಕಾದದ್ದು, ಅದಕ್ಕೆ ಬೇಕು. 'ಸಿಎಫ್.' ಅಂದರೆ 'ಹೋಲಿಸಿ'. ಬಹಳ ಜನ ಇದನ್ನು 'ನೋಡಿ' ಎಂಬರ್ಥದಲ್ಲಿ ಬಳಸುತ್ತಾರೆ, ಅದು ತಪ್ಪು. ಬೇರೆ ಅಭಿಪ್ರಾಯವಿರುವ ಕೃತಿಯನ್ನು ಪಕ್ಕಕ್ಕಿಟ್ಟು ತೂಗಿ ನೋಡಿ ಎಂದು ಕರೆಯುವ ಪದ ಅದು. 'ಸಿಕ್' ಅಂದರೆ 'ಹೀಗೆಯೇ ಇದೆ'. ಮೂಲದಲ್ಲಿ ಇಸವಿಯೋ ಕಾಗುಣಿತವೋ ತಪ್ಪಿದ್ದರೆ ತಿದ್ದದೆ ನಕಲಿಸಿ, ಪಕ್ಕದಲ್ಲಿ ಚೌಕ ಕಂಸದೊಳಗೆ ಹಾಕಿ. ಓದುಗರಿಗೆ ಗೊಂದಲವಾಗುವ ಕಡೆ ಮಾತ್ರ ಸಾಕು; ಹಳೆಯ ಬರಹಗಾರರ ಪ್ರತಿ ಕಾಗುಣಿತಕ್ಕೂ ಅಂಟಿಸುವುದು ಅವರಿಗೆ ಅಗೌರವ.

ಹಂತ 5: ನಿಮ್ಮ ವಿಭಾಗದ ಪದ್ಧತಿ ಕೇಳಿಕೊಳ್ಳಿ. ಉಲ್ಲೇಖ ಪದ್ಧತಿ ತಿಳಿಸುವ ಶಿಕಾಗೋ ಕೈಪಿಡಿ ತನ್ನ 2017ರ 17ನೆಯ ಆವೃತ್ತಿಯಲ್ಲಿ, ಇಬಿಡ್‌ಗಿಂತ ಲೇಖಕರ ಹೆಸರು ಮತ್ತು ಚಿಕ್ಕ ಶೀರ್ಷಿಕೆಯೇ ಮೇಲು ಎಂದಿತು. ಎಪಿಎ (ಅಮೆರಿಕದ ಮನೋವಿಜ್ಞಾನ ಸಂಘದ) ಪದ್ಧತಿಯಲ್ಲಿ ಇಬಿಡ್ ಇಲ್ಲವೇ ಇಲ್ಲ. ಆದರೆ ಎಟ್ ಆಲ್ ಉಂಟು, ಮೂವರು ಅಥವಾ ಹೆಚ್ಚು ಲೇಖಕರಿದ್ದಾಗ.

ಹಂತ 6: ಇಬಿಡ್ ಹಾಕುವುದು ಕಟ್ಟಕಡೆಗೆ. ನನ್ನ ಮೊದಲ ಪ್ರಬಂಧದಲ್ಲಿ ನಾನು ಕರಡಿನಲ್ಲೇ ಹಾಕಿಬಿಟ್ಟಿದ್ದೆ. ಆಮೇಲೆ ನಡುವೆ ಒಂದೇ ಒಂದು ಹೊಸ ಟಿಪ್ಪಣಿ ಸೇರಿಸಿದೆ. ಕಂಪ್ಯೂಟರ್ ಸಂಖ್ಯೆಗಳನ್ನು ಸರಿಪಡಿಸಿಕೊಂಡಿತು, ಆದರೆ ಅದರ ಕೆಳಗಿದ್ದ ಇಬಿಡ್‌ಗಳೆಲ್ಲ ಹೊಸ ಪುಸ್ತಕದ ಪಾಲಾದವು. ಒಂದೊಂದನ್ನೂ ಮೂಲದೊಂದಿಗೆ ತಾಳೆ ನೋಡಲು ಎರಡು ರಾತ್ರಿ ಹಿಡಿಯಿತು. ಅಂದಿನಿಂದ ಕರಡಿನಲ್ಲಿ ಎಲ್ಲೆಡೆ 'ರೈಸ್ 1909, ಪು. 47' ಎಂದೇ ಬರೆಯುತ್ತೇನೆ. ಪ್ರಬಂಧ ಮುಗಿದು, ಇನ್ನು ಒಂದು ಸಾಲೂ ಅಲುಗುವುದಿಲ್ಲ ಎಂದಾದ ಮೇಲೆ ಮುದ್ರಿಸಿಕೊಂಡು, ಪೆನ್ಸಿಲ್ ಹಿಡಿದು, ಪ್ರತಿ ಟಿಪ್ಪಣಿಯನ್ನೂ ಅದರ ಮೇಲಿನದರೊಂದಿಗೆ ಜೋಡಿಸಿ ನೋಡಿ, ಆಗ ಇಬಿಡ್ ಹಾಕುತ್ತೇನೆ.